ಪಶ್ಚಿಮ ಇಂಡಿಯಾದ ಚಂಡಮಾರುತ

ಸುಮತಿಯಕ್ಕ ರೇಡಿಯೋದಲ್ಲಿ 'ವೆಸ್ಟ್ ಇಂಡೀಸ್' ಎಂದದ್ದನ್ನು 'ವೆಸ್ಟ್ ಇಂಡಿಯಾ' ಎಂದು ಕೇಳಿಸಿಕೊಂಡು, ಮಲ್ಪೆಗೆ ಚಂಡಮಾರುತ ಬಡಿಯಿತೆಂದು ಅತ್ತು ಕರೆದು, ಗಂಡನ ನೌಕರಿಯನ್ನೇ ಕಳೆದಳು. ಸೌದಿಯಿಂದ ಮರಳಿದ ನಮ್ಮ ಕಡೆಯವರು ಯಾವ ಮದುವೆಮನೆಯಲ್ಲಿ ಸೇರಿದರೂ ಈ ಕಥೆ ಬರುತ್ತದೆ, ಹಿಂದೆಯೇ ನಗು ಬರುತ್ತದೆ. ನನ್ನದೊಂದು ಸಣ್ಣ ಆಕ್ಷೇಪ. ಸುಮತಿಯಕ್ಕನಿಗೆ ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ. ಬಾರದ ಭಾಷೆಯಲ್ಲಿ ತಪ್ಪು ಕೇಳಿಸಿಕೊಳ್ಳುವುದು ಹೇಗೆ?

ಶಾರ್ಟ್‌ವೇವ್ ಸ್ಟೇಷನ್ ಹಿಡಿಯುವ ಮೊದಲಿನ ಆ ಕೊಯ್ಯುವಂಥ ಸಿಳ್ಳೆ ಎಲ್ಲಾದರೂ ಕಿವಿಗೆ ಬಿದ್ದರೆ ಎಂಬತ್ತರ ದಶಕದ, ಸೌದಿಯ ಥುಕ್ಬಾ ಪೇಟೆಯ ನಮ್ಮ ಮನೆ ಹಾಗೆಯೇ ಎದ್ದು ನಿಲ್ಲುತ್ತದೆ. ಎರಡು ಸಂಸಾರ, ಒಂದೇ ಅಡುಗೆಮನೆ. ಹೊರಗೆ ಬಿಸಿಲಿಗೆ ಕಾದ ಡಾಂಬರಿನ ವಾಸನೆ, ಒಳಗೆ ಸುಮತಿಯಕ್ಕ ಸುಡುವ ಒಣಮೀನಿನದು. ಅವಳ ಗಂಡ ದಾಮೋದರಣ್ಣ ಎ.ಸಿ. ರಿಪೇರಿಯ ಫೋರ್‌ಮನ್. ಅಪ್ಪ ಪಕ್ಕದ ಊರು ದಹ್ರಾನಿನ ಒಂದು ಆಫೀಸಿನಲ್ಲಿ ಗುಮಾಸ್ತರು. ಮನೆಯಲ್ಲಿ ಇಂಗ್ಲಿಷ್ ವಾರ್ತೆ ತಿಳಿಯುತ್ತಿದ್ದದ್ದು ಅವರೊಬ್ಬರಿಗೇ. ಸಂಜೆಯ ಮಗ್ರಿಬ್ ನಮಾಜಿಗೆ ಅಂಗಡಿಗಳ ಶಟರ್ ಇಳಿಯುವ ಹೊತ್ತಿಗೆ ರೇಡಿಯೋ ಹಚ್ಚುತ್ತಿದ್ದರು. ವೆಸ್ಟ್ ಇಂಡೀಸ್ ಕ್ರಿಕೆಟ್ಟಿನಿಂದ ಹತ್ತಿಕೊಂಡ ಕೆರಿಬಿಯನ್ ಚಟ ಅವರದು. ಗ್ರೆನಡಾಕ್ಕೆ ಅಮೆರಿಕದ ಸೈನ್ಯ ಇಳಿದದ್ದು, ಹೈಟಿಯ ಸರ್ವಾಧಿಕಾರಿ ಓಡಿಹೋದದ್ದು, ಎಲ್ಲವನ್ನೂ ಸಾಲುಸಾಲಾಗಿ ಕನ್ನಡಕ್ಕೆ ತಿರುಗಿಸಿ ಹೇಳುವರು. ಸುಮತಿಯಕ್ಕ ಬೆಳ್ಳುಳ್ಳಿ ಸುಲಿಯುತ್ತ ಕೇಳುವಳು. "ಆ ಹೈಟಿಯ ಹೆಂಗಸರು ಇನ್ನು ಎಂತ ಮಾಡ್ತಾರೆ ಅಣ್ಣ?" ಎಂದು ಒಮ್ಮೆ ಕೇಳಿದಾಗ ಅಪ್ಪ, "ಯಾಕೆ, ಅಲ್ಲಿಗೂ ಮೀನು ಮಾರ್ಲಿಕ್ಕೆ ಹೋಗ್ತೀಯಾ?" ಎಂದಿದ್ದರು. ಅವಳೂ ನಕ್ಕಿದ್ದಳು.

ಅವಳ ಒಬ್ಬನೇ ತಮ್ಮ ರಘು ಮಲ್ಪೆಯಲ್ಲಿ ಮೀನಿನ ದೋಣಿಗೆ ಹೋಗುತ್ತಿದ್ದ. ಆ ಸಂಜೆ ಕೆರಿಬಿಯನ್ ದ್ವೀಪಗಳಿಗೆ ಚಂಡಮಾರುತ ಬಡಿದ ಸುದ್ದಿ ಬಂತು. ಅಪ್ಪ ಅವಳತ್ತ ಒಮ್ಮೆ ನೋಡಿ, ವಾರ್ತೆ ಓದುವವರ ಗಂಭೀರ ದನಿಯಲ್ಲಿ ಹೇಳಿದರು: "ಪಶ್ಚಿಮ ಇಂಡಿಯಾಕ್ಕೆ ಚಂಡಮಾರುತ. ಮೀನಿನ ದೋಣಿಗಳು ಸಮುದ್ರದ ಪಾಲು."

"ನಮ್ಮ ಬದಿಯಾ ಅಣ್ಣ?"

"ಪಶ್ಚಿಮ ಅಂದ್ರೆ ಮತ್ತೆ ಯಾವ ಬದಿ?"

ಅಪ್ಪನಿಗೆ ಊಟದ ಹೊತ್ತಿಗೆ ನಿಜ ಹೇಳಿ ನಗುವ ಅಂದಾಜಿತ್ತೋ ಏನೋ. ಆದರೆ ಅವಳು ಊಟಕ್ಕೆ ಬರಲಿಲ್ಲ. ಮಲ್ಪೆಯ ಅಂಗಡಿಯೊಂದರ ಫೋನಿಗೆ ಲೈನ್ ಸಿಗಲೇ ಇಲ್ಲ. ವರ್ಕ್‌ಶಾಪಿನಲ್ಲಿ ಯಾರಿಗೂ ಇಂಥ ಸುದ್ದಿ ಗೊತ್ತಿಲ್ಲವೆಂದು ದಾಮೋದರಣ್ಣ ಬಂದು ಹೇಳಿದಾಗ ಅಪ್ಪ, "ಲಂಡನ್ ರೇಡಿಯೋಕ್ಕೆ ಗೊತ್ತಿರುದು ನಿನ್ನ ವರ್ಕ್‌ಶಾಪಿಗೆ ಗೊತ್ತಿರ್ತದಾ ಮಾರಾಯ?" ಎಂದುಬಿಟ್ಟರು. ದಾಮೋದರಣ್ಣ ರಜೆ ಕೇಳಲು ಹೋದ. ಹೋಗುವುದಾದರೆ ಒಮ್ಮೆಗೇ ಹೋಗು ಎಂದು ವೀಸಾ ಕೊಟ್ಟ ಧಣಿ ಕಫೀಲ್, ವಾಸದ ಪರವಾನಗಿ ಇಕಾಮಾ ಕಿತ್ತುಕೊಂಡು, ಮರಳಿ ಬರಲಾಗದ ಫೈನಲ್ ಎಕ್ಸಿಟ್ ಹೊಡೆಸಿದ. ಅಂದು ಅಡುಗೆಮನೆಯಲ್ಲಿ ಅಮ್ಮ ತಗ್ಗಿದ ದನಿಯಲ್ಲಿ, "ಈಗಲಾದ್ರೂ ಹೇಳಿಬಿಡಿ ಮಾರಾಯ್ರೆ" ಎಂದದ್ದನ್ನು ನಾನು ಕೇಳಿದ್ದೇನೆ. ಅಪ್ಪನ ಉತ್ತರವನ್ನೂ ಕೇಳಿದ್ದೇನೆ: "ಈಗ ಹೇಳಿದ್ರೆ ನನ್ನ ಮರ್ಯಾದೆ ಎಂತ ಆಗ್ತದೆ?" ಚರ್ಚಾಸ್ಪರ್ಧೆಯಲ್ಲಾದರೆ ಇಲ್ಲಿಗೆ ನನ್ನ ವಾದ ಮುಗಿಯುತ್ತಿತ್ತು.

ಅವರು ಮಲ್ಪೆ ತಲುಪಿದಾಗ ರಘು ಮರಳಿನ ಮೇಲೆ ಕೂತು ಬಲೆಯ ಹರಕು ಹೊಲಿಯುತ್ತಿದ್ದನಂತೆ. ದಾಮೋದರಣ್ಣನಿಗೆ ಮತ್ತೆ ವೀಸಾ ಆಗಲಿಲ್ಲ. ಉಡುಪಿಯಲ್ಲಿ ಯಾರದೋ ಅಂಗಡಿಯಲ್ಲಿ ಫ್ರಿಜ್ ರಿಪೇರಿಗೆ ಕೂತ. ಹೆಂಡತಿಯೊಡನೆ ಮಾತು ಬಿಟ್ಟ. ಮುಂದೆ ನಾವು ಊರಿಗೆ ಬಂದಾಗ ಅಪ್ಪ ಅವರ ಜಗಲಿಯಲ್ಲೇ ಕೂತು, "ನಾನು ಇಂಡೀಸ್ ಅಂದೆ, ಇವಳು ಇಂಡಿಯಾ ಕೇಳಿದ್ಳು" ಎಂದರು. ಎಲ್ಲರೂ ನಕ್ಕರು. ಸುಮತಿಯಕ್ಕ ಚಾದ ಲೋಟ ಕೆಳಗಿಟ್ಟು ಹೇಳಿದಳು: "ಇದ್ದೀತು ಅಣ್ಣ, ನನ್ನ ಕಿವಿಯೇ ಸರಿ ಇಲ್ಲ." ಅದನ್ನೇ ನಂಬಿಕೊಂಡು ಬದುಕಿ, ಹೋದ ಮಳೆಗಾಲದಲ್ಲಿ ತೀರಿಕೊಂಡಳು. ಥುಕ್ಬಾದ ಆ ಮನೆಯನ್ನೂ ಕೆಡವಿದ್ದಾರಂತೆ. ಬೆಳ್ಳುಳ್ಳಿ ಸುಲಿಯುತ್ತ ದೂರದ ದ್ವೀಪದ ಹೆಂಗಸರಿಗಾಗಿ ಮರುಗುವವರು ನಮ್ಮ ಮನೆಗಳಲ್ಲಿ ಈಗ ಯಾರೂ ಇಲ್ಲ.

ಅಪ್ಪ, ಅಂದು ಊರಿಗೆ ಹೊರಟ ಅವರಿಬ್ಬರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟದ್ದು ನೀವೇ. ಹಿಂದಿನ ಸೀಟಿನಲ್ಲಿ ನಾನು ಅವಳ ಮಡಿಲಲ್ಲಿದ್ದೆ. ಸುದ್ದಿಯನ್ನು ಹೊತ್ತಿಗೆ ಸರಿಯಾಗಿ ತಿಳಿಸಿದಿರಿ ಎಂದು ಅವಳು ದಾರಿಯುದ್ದಕ್ಕೂ ನಿಮ್ಮ ಉಪಕಾರ ನೆನೆಯುತ್ತಿದ್ದಳು. ಅದು ನಿಮಗೆ ಏನೆಂದು ಕೇಳಿಸಿತು?