ಟವೆಲಿನ ಕೆಳಗೆ ಕಲಿತ ಇಂಗ್ಲಿಷ್

ನಮ್ಮೂರು ಲಕ್ಷ್ಮೇಶ್ವರ ರಾಜರ ಸಂಸ್ಥಾನ ಬಿಟ್ಟು ಮುಂಬೈ ರಾಜ್ಯಕ್ಕೆ ಸೇರಿದ ಹೊಸತು. ಯಾವ ಕೆಲಸಕ್ಕೆ ಯಾವ ಕಚೇರಿಗೆ ಹೋಗಬೇಕೆಂದು ದೊಡ್ಡವರಿಗೇ ತಿಳಿಯುತ್ತಿರಲಿಲ್ಲ. ನನಗೆ ಇಂಗ್ಲಿಷಿನ ನಾಲ್ಕು ಚಿಲ್ಲರೆ ಶಬ್ದ ತಿಳಿಯುತ್ತಿರಲಿಲ್ಲ.

ಒಂದು ಇಟ್ಸ್ ಎಂದರೆ 'ಅದರ'. ಇನ್ನೊಂದು ಇಟ್ಸ್ ಎಂದರೆ 'ಅದು ಇದೆ', ಅದಕ್ಕೆ ನೆತ್ತಿಯ ಮೇಲೊಂದು ಗೀಟು. ಯುವರ್ ಕಥೆಯೂ ಹಾಗೇ: ಒಂದು 'ನಿನ್ನ', ಗೀಟು ಇಟ್ಟುಕೊಂಡದ್ದು 'ನೀನು ಇದ್ದೀ'. ಅಳಿಯ ಅಲ್ಲ, ಮಗಳ ಗಂಡ ಎಂದಂತೆ ನನಗೆ ಎರಡೂ ಒಂದೇ. ಆ ಗೀಟು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಗದಗಿನ ಹೈಸ್ಕೂಲಿನವರು ಪರೀಕ್ಷೆ ಮಾಡಿಯೇ ಕ್ಲಾಸು ಕೊಡುತ್ತೇವೆಂದಿದ್ದರು. ಸಂಸ್ಥಾನದ ಶಾಲೆಯ ಕಲಿಕೆಯ ಮೇಲೆ ಅವರಿಗೆ ಅಷ್ಟೊಂದು ನಂಬಿಕೆಯಿರಲಿಲ್ಲ. ನಮ್ಮ ಅಜ್ಜಿ ಅಪ್ಪನಿಗೆ ಅಡುಗೆಮನೆಯಿಂದಲೇ ಕರಾರು ಹಾಕಿದಳು.

"ತಮ್ಮಾ, ಕೆಳಗಿನ ಕ್ಲಾಸಿಗೆ ಹಾಕಿದ್ರ ಸಾಲಿ ಸಾಕು. ಶಿಗ್ಲಿಯವರು ಹುಡುಗೀನ್ನ ಕೇಳಾಕ ಹತ್ತ್ಯಾರ, ಮದುವಿ ಮಾಡಿ ಮುಗಿಸು."

ಅಪ್ಪ ಆತು ಎಂದುಬಿಟ್ಟ. ಅವನ ಮೇಲೆ ನನಗೆ ಬಂದ ಸಿಟ್ಟು ಎರಡು ದಿನ ಇಳಿಯಲಿಲ್ಲ.

ಅಪ್ಪ ಹತ್ತಿಯ ದಲಾಲ. ಕನ್ನಡ, ಮರಾಠಿ ಓದುತ್ತಿದ್ದ, ಇಂಗ್ಲಿಷ್ ಬಾರದು. ಅವನ ಪೇಟೆಯಲ್ಲಿ ದರವನ್ನು ಯಾರೂ ಬಾಯಿಂದ ಹೇಳುತ್ತಿರಲಿಲ್ಲ. ಇಬ್ಬರ ಕೈ ಮೇಲೆ ಟವೆಲು ಮುಚ್ಚಿ, ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದರೆ ಅದೇ ದರ, ಮಾತು ಮುಗಿಯಿತು. ಮೂರನೇ ದಿನ ಅಪ್ಪ ಪಡಸಾಲೆಯಲ್ಲಿ ನನ್ನೆದುರು ಕುಳಿತು ನನ್ನ ಎಡಗೈ ಮೇಲೆ ಟವೆಲು ಹಾಸಿದ.

"ಬಾಯಿ ಮರೀತೈತಿ ಯವ್ವಾ, ಬೆರಳು ಮರಿಯಂಗಿಲ್ಲ."

ಅರ್ಥಗಳನ್ನು ನನ್ನಿಂದಲೇ ಕೇಳಿಕೊಂಡು ಬೆರಳಿಗೊಂದರಂತೆ ಹಂಚಿದ: ಕಿರುಬೆರಳು 'ಅದರ', ಉಂಗುರದ ಬೆರಳು 'ಅದು ಇದೆ', ನಡುಬೆರಳು 'ನಿನ್ನ', ತೋರುಬೆರಳು 'ನೀನು ಇದ್ದೀ'. ಹೆಬ್ಬೆರಳಿಗೆ ಕೆಲಸವಿಲ್ಲ. "ಅದರ ಬಾಲ" ಎಂದು ಅಪ್ಪ ಕಿರುಬೆರಳು ಒತ್ತುತ್ತಿದ್ದ, ನಾನು ಬಲಗೈಯಿಂದ ಪಾಟಿಯ ಮೇಲೆ ಬರೆಯುತ್ತಿದ್ದೆ. "ಅದು ದೊಡ್ಡದೈತಿ" ಎನ್ನುತ್ತಿದ್ದ, ಉಂಗುರದ ಬೆರಳು, ಗೀಟು. ತಿಂಗಳೊಪ್ಪತ್ತಿನಲ್ಲಿ ಒಂದೂ ತಪ್ಪದಂತಾಯಿತು. ಆದರೆ ಅಪ್ಪ ಊರಲ್ಲಿಲ್ಲದ ದಿನ ಕುಳಿತರೆ ತಲೆ ಖಾಲಿ. ಇದು ಕಲಿತದ್ದೋ ಅಲ್ಲವೋ ಎಂದು ಯಾರನ್ನು ಕೇಳಬೇಕೆಂದೂ ತಿಳಿಯಲಿಲ್ಲ.

ಪರೀಕ್ಷೆಯ ದಿನ ಶಿರಹಟ್ಟಿ ಮೇಲಿಂದ ಬಸ್ಸಿನಲ್ಲಿ ಗದಗಿಗೆ ಹೋದೆವು. ಪರೀಕ್ಷೆ ಮಾಡುವ ಮಾಸ್ತರರು ಅಪ್ಪನನ್ನು ಬಾಗಿಲಲ್ಲೇ ನಿಲ್ಲಿಸಿ, ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಮೂರು ವಾಕ್ಯ ಬರೆದರು. ಮೊದಲನೆಯದು ಹಸು ತನ್ನ ಕರುವನ್ನು ನೆಕ್ಕುವ ಮಾತು. ಮೂರರ ನಡುವೆಯೂ ಒಂದೊಂದು ಶಬ್ದದಷ್ಟು ಜಾಗ ಖಾಲಿ. ಸೀಮೆಸುಣ್ಣ ಹಿಡಿದು ನಿಂತೆ. ಎಡಗೈ ಸುಮ್ಮನೆ ಜೋತುಬಿದ್ದಿತ್ತು. ಯಾರಾದರೂ ಒಂದು ಬೆರಳು ಒತ್ತಿದರೆ ಸಾಕಿತ್ತು. ನಾನೇ ಒತ್ತಿಕೊಳ್ಳಲು ನೋಡಿದೆ, ಯಾವ ಬೆರಳು ಯಾವುದಕ್ಕೆಂಬುದೇ ಕಲಸಿಹೋಯಿತು. ಕರುವಿಗೂ ಗೀಟಿಗೂ ಏನು ಸಂಬಂಧ? ಶಿಗ್ಲಿಯವರ ನೆನಪಾಯಿತು. ಅಳು ಬಂತು.

ಮಾಸ್ತರರು ಕಾದು ಸಾಕಾಗಿ ಹೆಸರು ಬರೆಯುವ ಪುಸ್ತಕ ಮುಚ್ಚಹೊರಟರು. ಬಾಗಿಲಿಂದ ಅಪ್ಪನ ದನಿ ಬಂತು.

"ಸಾಹೇಬ್ರ, ಅಕಿ ಕೈ ಒಂದೀಟು ಹಿಡಕೋಲ್ಯಾ?"

"ಹೇಳಿಕೊಡಾಕೇನ್ರಿ?"

"ನನಗ ಇಂಗ್ಲಿಷ್ ಬರಂಗಿಲ್ರಿ. ಕೈ ಹಿಡೀದಿದ್ರ ಅಕಿಗೆ ಬರಿಯಾಕ ಬರಂಗಿಲ್ರಿ."

ಮಾಸ್ತರರು ಒಮ್ಮೆ ಅಪ್ಪನನ್ನು, ಒಮ್ಮೆ ನನ್ನನ್ನು ನೋಡಿದರು. ಅವರಿಗೂ ಏನೂ ಅರ್ಥವಾದಂತೆ ಕಾಣಲಿಲ್ಲ. ಬರ್ರಿ ಎಂದು ಕೈಮಾಡಿದರು.

ಅಪ್ಪ ಹೆಗಲ ಟವೆಲು ತೆಗೆದು ನನ್ನ ಎಡಗೈ ಮೇಲೆ ಹಾಕಿದ. ಒಳಗೆ ಅವನ ಕೈ ಬಂತು. ನಾನು ಕಾದೆ. ಅವನು ಹಿಡಿದದ್ದು ಕಿರುಬೆರಳಲ್ಲ, ಉಂಗುರದ ಬೆರಳಲ್ಲ. ಹೆಬ್ಬೆರಳೂ ಸೇರಿ ಐದಕ್ಕೈದನ್ನೂ ಮುಷ್ಟಿಯಲ್ಲಿ ಹಿಡಿದುಬಿಟ್ಟ. ಹಾಗೆಂದರೆ ಯಾವ ಶಬ್ದ? ಅದನ್ನು ಅವನು ಕಲಿಸಿಯೇ ಇರಲಿಲ್ಲ. ತಿರುಗಿ ನೋಡಿದರೆ ಅಪ್ಪ ಬೋರ್ಡನ್ನೇ ಪಿಳಿಪಿಳಿ ನೋಡುತ್ತಿದ್ದ. ನನಗೆ ತಿಳಿಯುವ ಮೊದಲೇ ಬಲಗೈ ಬರೆಯತೊಡಗಿತು.

ಎರಡು ಸರಿ, ಒಂದು ತಪ್ಪು. ಮಾಸ್ತರರು ನನ್ನ ಸರೀಕರ ಕ್ಲಾಸಿಗೇ ಹೆಸರು ಬರೆದುಕೊಂಡರು. ಎರಡು ಸರಿಯಿದ್ದದ್ದಕ್ಕೋ, ನಮ್ಮಿಬ್ಬರನ್ನು ನೋಡಿ ಪಾಪ ಅನ್ನಿಸಿದ್ದಕ್ಕೋ, ನನಗೆ ಇವತ್ತಿಗೂ ಗೊತ್ತಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ತಡೆಯಲಾರದೆ ಕೇಳಿದೆ.

"ಅಪ್ಪಾ, ಐದೂ ಬೆರಳು ಹಿಡಿದ್ಯಲ್ಲ, ಅದು ಯಾವ ಶಬ್ದ?"

ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡ.

"ಬೋರ್ಡಿನ ಮ್ಯಾಲಿಂದು ನನಗೇನು ತಿಳೀತೈತಿ ಯವ್ವಾ. ಯಾವುದು ಹಿಡೀಬೇಕು ಅಂತ ಗೊತ್ತಾಗಲಿಲ್ಲ, ಅದಕ್ಕ ಎಲ್ಲಾ ಹಿಡಕೊಂಡೆ."