ಟೈಲರಮ್ಮ ಜೋಡಿಸಿಕೊಟ್ಟ ಕೀಬೋರ್ಡು

ಟೈಲರಮ್ಮನಿಗೆ ಮಾತು ಬರುವುದಿಲ್ಲವೆಂದು ಪದಬಂಧದ ಮೇಷ್ಟ್ರು ಎರಡು ವರ್ಷ ನಂಬಿಕೊಂಡಿದ್ದರು. ತಮ್ಮ ಮನೆಯ ಮೆಟ್ಟಿಲ ಕೆಳಗಿನ ಆಕೆಯ ಅಂಗಡಿಗೆ ಹೋದಾಗಲೆಲ್ಲ ಕೈ ಆಡಿಸಿ ಕಾಲರಿನ ಅಳತೆ ಹೇಳುತ್ತಿದ್ದರು. ಆಕೆಯೂ ಸನ್ನೆಯಲ್ಲೇ ಉತ್ತರಿಸುತ್ತಿದ್ದರು. ಒಂದು ದಿನ ಆಕೆ ಯಾವಾಗಲೂ ತುಟಿಯಲ್ಲಿ ಕಚ್ಚಿಕೊಂಡಿರುತ್ತಿದ್ದ ಐದಾರು ಗುಂಡುಸೂಜಿಗಳನ್ನು ಡಬ್ಬಿಗೆ ಹಾಕಿ, "ಪಾಪ, ಮೇಷ್ಟ್ರಿಗೆ ಕಿವಿ ಯಾವಾಗ ಹೋಯ್ತು?" ಎಂದು ಮೇಷ್ಟ್ರ ಹೆಂಡತಿಯನ್ನು ಕೇಳಿದಾಗಲೇ ಇಬ್ಬರ ತಪ್ಪೂ ಬಯಲಾದದ್ದು.

ಮೇಷ್ಟ್ರು ನಿವೃತ್ತರು. ಇಪ್ಪತ್ತೆರಡು ವರ್ಷದಿಂದ ಒಂದು ವಾರಪತ್ರಿಕೆಗೆ ಪದಬಂಧ ಹೆಣೆಯುತ್ತಿದ್ದಾರೆ. ಅದಿಲ್ಲದಿದ್ದರೆ ಊರಿನ ಭಾನುವಾರವೇ ಮುಂದಕ್ಕೆ ಹೋಗುವುದಿಲ್ಲ ಎಂಬುದು ಅವರ ದೃಢವಾದ ಅಭಿಪ್ರಾಯ. ಸ್ಟೂಲಿನಿಂದ ಬಿದ್ದು ಕಾಲು ಮುರಿದುಕೊಂಡು ಮಲಗಿದ ಮೇಲೆ ಎರಡು ವಾರ ಪದಬಂಧ ತಪ್ಪಿತು. ಭಾನುವಾರಗಳು ಮಾತ್ರ ಬಂದೇ ಬಂದವು. ಬುಧವಾರ ಬೆಳಿಗ್ಗೆ ಸಂಪಾದಕರ ಫೋನು: "ಇವತ್ತು ಐದು ಗಂಟೆಯೊಳಗೆ ಕಳಿಸಿ ಸಾರ್. ಇಲ್ದಿದ್ರೆ ಇನ್ಮೇಲೆ ಕಂಪ್ಯೂಟರೇ ಮಾಡಿದ್ದನ್ನ ಹಾಕ್ತೀವಿ, ಕಾಯಂ ಆಗಿ. ಕೈಬರಹದ ಫೋಟೋ ಬೇಡ, ನಿಮ್ಮ ಅಕ್ಷರ ಇಲ್ಲಿ ಯಾರಿಗೂ ಅರ್ಥ ಆಗಲ್ಲ."

ಕಂಪ್ಯೂಟರು ಕಿಟಕಿಯ ಬಳಿ ಮೇಜಿನ ಮೇಲೆ, ಮೇಷ್ಟ್ರು ಎದುರು ಗೋಡೆಯ ಮಂಚದ ಮೇಲೆ. ಕೀಬೋರ್ಡಿನ ವೈರು ಅರ್ಧ ದಾರಿಗೂ ಬಾರದು.

"ನೀವು ಹೇಳಿ, ನಾನು ಹೊಡೀತೀನಿ" ಎಂದರು ಹೆಂಡತಿ.

ಮೇಷ್ಟ್ರು ಹೌಹಾರಿದರು. ವಾರವಾರ ಪೆನ್ಸಿಲು ಹಿಡಿದು ಅವರ ಪದಬಂಧ ತುಂಬುವವರು ಇವರೇ. "ಉತ್ತರ ಎಲ್ಲ ನಿಂಗೆ ಮೊದಲೇ ಗೊತ್ತಾಗಿಬಿಟ್ರೆ?"

"ಈಗೇನು ಗೊತ್ತಿಲ್ವಾ? ಇಪ್ಪತ್ತೆರಡು ವರ್ಷದಿಂದ ಅದೇ ನದಿ, ಅದೇ ಹಕ್ಕಿ" ಎನ್ನುತ್ತಲೇ ಆಕೆ ಹೋಗಿ ವೈರಿಲ್ಲದ ಕೀಬೋರ್ಡೊಂದನ್ನು ಕೊಂಡು, ಬರುವಾಗ ಟೈಲರಮ್ಮನನ್ನೂ ಕರೆದುಕೊಂಡು ಬಂದರು.

ಟೈಲರಮ್ಮನ ಅಂಗಡಿಯಲ್ಲಿ ಯಾವುದೋ ಆಫೀಸಿನವರು ಗುಜರಿಗೆ ಹಾಕಿದ್ದ ಕಂಪ್ಯೂಟರಿದೆ. ಅದಕ್ಕೆ ತಾವೇ ಲಿನಕ್ಸ್ ಹಾಕಿ, ಗಿರಾಕಿಗಳ ಅಳತೆಗಳನ್ನೆಲ್ಲ ಅದರಲ್ಲಿಟ್ಟಿದ್ದಾರೆ. ಕಂಪ್ಯೂಟರನ್ನು ನಡೆಸುವ, ಯಾರು ಬೇಕಾದರೂ ಒಳಗೆ ನೋಡಿ ತಿದ್ದಿಕೊಳ್ಳಬಹುದಾದ ತಂತ್ರಾಂಶ ಲಿನಕ್ಸ್. ಅದೇ ಯಾಕೆ ಎಂದರೆ, "ಹೊಲಿಗೆ ಬಿಚ್ಚೋಕೆ ಬಿಡದ ಬಟ್ಟೆ ನಂಗೆ ಆಗಿಬರಲ್ಲ" ಅನ್ನುತ್ತಾರೆ. ಹೋದ ವರ್ಷ ಮೇಷ್ಟ್ರ ಕಂಪ್ಯೂಟರಿಗೂ ಅದನ್ನೇ ಹಾಕಿಕೊಟ್ಟಿದ್ದರು.

ಪೇಟೆಗೆ ಹೋಗಿ ಬರುವಷ್ಟರಲ್ಲಿ ಮಧ್ಯಾಹ್ನ ಮೂರೂವರೆ. ಟೈಲರಮ್ಮ ಕೀಬೋರ್ಡನ್ನು ಮಗುಚಿ, ಬೆನ್ನಿನ ಗುಂಡಿಯನ್ನು ನೀಲಿ ದೀಪ ಮಿಣುಕುವವರೆಗೆ ಒತ್ತಿ ಹಿಡಿದು ಮೇಷ್ಟ್ರ ಕೈಗಿತ್ತರು. ಪರದೆಯಲ್ಲಿ ಬ್ಲೂಟೂತ್ ಪಟ್ಟಿ ಬಂತು: ಪಕ್ಕದ ಮನೆಯ ಟಿವಿ, ಯಾರದೋ ಇಯರ್‌ಫೋನು, ಕೊನೆಗೆ ಕೀಬೋರ್ಡು. ಅದನ್ನು ಒತ್ತಿದೊಡನೆ ಆರು ಅಂಕಿಗಳು ಮೂಡಿದವು.

"ಈ ನಂಬರನ್ನ ನಿಮ್ಮ ಕೈಲಿರೋದ್ರಲ್ಲಿ ಹೊಡೆದು ಎಂಟರ್ ಒತ್ತಿ."

ಮೇಷ್ಟ್ರು ಹೊಡೆದರು. ಹೊಡೆದದ್ದು ಎಲ್ಲೂ ಕಾಣಲಿಲ್ಲ. ತಲುಪಲಿಲ್ಲವೇನೋ ಎಂದು ಇನ್ನೊಮ್ಮೆ ಹೊಡೆದು ಎಂಟರ್ ಒತ್ತಿದರು. ಆರು ಕೇಳಿದರೆ ಹನ್ನೆರಡು ಕೊಟ್ಟವರ ಸಂಬಂಧವೇ ಬೇಡವೆಂದಿತು ಕಂಪ್ಯೂಟರು. ಎರಡನೇ ಪ್ರಯತ್ನದಲ್ಲೂ ಅದೇ ಕತೆ. ಕುಟ್ಟಿದ್ದು ಮಾತ್ರ ಇನ್ನೂ ಜೋರಾಗಿ.

"ಎರಡೆರಡು ಸಲ ಯಾಕೆ ಮೇಷ್ಟ್ರೇ?"

"ಕಾಣ್ತಾ ಇಲ್ವಲ್ಲಮ್ಮ! ಬರೆದದ್ದು ಕಣ್ಣಿಗೆ ಕಾಣಬೇಕು."

"ಹೊಲಿಯುವಾಗ ಕೆಳಗಿನ ದಾರ ನಂಗೂ ಕಾಣಲ್ಲ. ಹೊಲಿಯಲ್ವಾ? ಒಂದೇ ಸಲ ಹೊಡೀರಿ. ಎಂಟರ್ ಒತ್ತಿ. ಕೈ ಎತ್ತಿಬಿಡಿ."

ಮೂರನೇ ಸಲ ಮೇಷ್ಟ್ರು ಉಸಿರು ಬಿಗಿಹಿಡಿದು ಹಾಗೇ ಮಾಡಿದರು. ಕೂಡಿಕೊಂಡಿತು. ಮೊದಲ ಸುಳಿವು ಬರೆಯುವಷ್ಟರಲ್ಲಿ ಟೈಲರಮ್ಮ ಕಂಪ್ಯೂಟರನ್ನೇ ಆಫ್ ಮಾಡಿದರು.

"ಅಯ್ಯೋ, ಆಗಲೇ ನಾಲ್ಕು ಗಂಟೆ ಕಣಮ್ಮ!"

"ಹಾಕಿಸಿ ನೋಡದೆ ಬಟ್ಟೆ ಕೊಡೋಳಲ್ಲ ನಾನು."

ಮತ್ತೆ ಆನ್ ಮಾಡಿದಾಗ ಕೀಬೋರ್ಡು ತುಟಿಪಿಟಕ್ಕೆನ್ನಲಿಲ್ಲ. ಮೇಷ್ಟ್ರು ಗಡಿಯಾರ ನೋಡಿದರು. ಟೈಲರಮ್ಮ ಹಳೆಯ ವೈರಿನ ಕೀಬೋರ್ಡಿನಲ್ಲಿ ಒಂದು ಸಾಲು ಹೊಡೆದರು: ಇದು ನಮ್ಮದೇ, ನಂಬು, ಬಂದಾಗಲೆಲ್ಲ ತಡೆಯದೆ ಒಳಗೆ ಬಿಡು ಎಂಬರ್ಥದ ಆಜ್ಞೆ. ಇನ್ನೊಮ್ಮೆ ಆಫ್, ಇನ್ನೊಮ್ಮೆ ಆನ್. ಈ ಸಲ ಕೀಬೋರ್ಡು ತಾನಾಗಿಯೇ ಕೂಡಿಕೊಂಡಿತು.

ಹೆಂಡತಿಯನ್ನು ಅಡುಗೆಮನೆಗೆ ಕಳಿಸಿ ಮೇಷ್ಟ್ರು ಕೂತಲ್ಲೇ ಹೊಡೆದರು. ಐದಕ್ಕೆ ಮೂರು ನಿಮಿಷವಿರುವಾಗ ಪದಬಂಧ ಹೊರಟಿತು. "ಬಂತು ಸಾರ್, ಹಾಕ್ತೀವಿ" ಎಂದು ಸಂಪಾದಕರು ಉತ್ತರಿಸಿದರು.

ಮೇಷ್ಟ್ರು ದಿಂಬಿಗೊರಗಿ, ಗಂಟಲು ಸರಿಮಾಡಿಕೊಂಡು, ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ಅನುಮಾನದಿಂದ ನೋಡಿದರು.

"ಅಲ್ಲಮ್ಮ, ಇಲ್ಲಿಂದ ಅಲ್ಲಿಗೆ ಗಾಳಿಯಲ್ಲೇ ಹೋಗಿದ್ದಲ್ವಾ? ನಡುವೆ ಈ ಫ್ಯಾನ್ ಬೇರೆ. ಒಂದೆರಡು ಒತ್ತಕ್ಷರ ಹಾರಿಹೋಗಿರಬಹುದಾ?"

"ಫ್ಯಾನಿಗೆ ಕಾಗುಣಿತ ಬರಲ್ಲ ಮೇಷ್ಟ್ರೇ. ತಪ್ಪಿದ್ರೆ ಅದು ನಿಮ್ಮದೇ."