ಅಮೀನರು ಕುಡಿಯದ ನೀರು

ಟಕ್, ಟಕ್, ಟಕ್. ಪೆಡಲು ಚೈನ್ ಕವರಿಗೆ ತಾಗುವ ಆ ಸದ್ದು ನೆನಪಾದರೆ ಈ ವಯಸ್ಸಿನಲ್ಲೂ ಕೂತಲ್ಲಿ ಕೂರಲಾಗುವುದಿಲ್ಲ. ಜೇವರ್ಗಿ ಕೋರ್ಟಿನ ಕಾಗದಗಳನ್ನು ಮನೆಮನೆಗೆ ಮುಟ್ಟಿಸುತ್ತಿದ್ದ ಅಮೀನರ ಸೈಕಲ್ ಅದು. ಬಡಕಲು ಮೈ, ಹಣೆ ತುಂಬ ವಿಭೂತಿ, ಬಲಗಾಲಿನ ಪಾಯಿಜಾಮಕ್ಕೆ ಸುತ್ತಿದ ಸುತಳಿ. ಅಂದೋಲಾದಾಚೆಯ ನಮ್ಮೂರಿಗೆ, ಗೌಡರಾಗಿದ್ದ ನನ್ನ ಮಾವನವರ ಹೊಲದ ಕೇಸುಗಳಿಗಾಗಿ ಆಗಾಗ ಬರುತ್ತಿದ್ದರು. ನೋಟಿಸು ಕೊಡುವ ಮನೆಯಲ್ಲಿ ನೀರನ್ನೂ ಮುಟ್ಟುತ್ತಿರಲಿಲ್ಲ. “ನೀರು ಕುಡದ್ರ ನಾಲಿಗಿ ಮೆತ್ತಗಾಗ್ತದ್ರಿ” ಎನ್ನುವರು.

ಎಂಬತ್ತರ ದಶಕದ ಮಂಡಲ ಪಂಚಾಯತಿ ಎಲೆಕ್ಷನ್. ಮಾವನವರೂ ನಿಂತಿದ್ದರು. ಅದರ ಹಿಂದಿನ ಎಲೆಕ್ಷನ್ನಿನಲ್ಲಿ ಓಟು ಹಾಕಲು ಶಾಲೆಗೆ ಹೊರಟ ಕೇರಿಯವರನ್ನು ನಮ್ಮ ಆಳುಗಳು ಮನೆ ಮುಂದೆಯೇ ತಡೆದು, “ನಿಮ್ಮ ಓಟು ಬಿದ್ದಾವ, ಹೊಳ್ಳಿ ಹೋಗ್ರಿ” ಎಂದು ಕಳಿಸಿದ್ದರು. ಮನೆಯ ಸೊಸೆ ನಾನು ಕಿಟಕಿಯಲ್ಲಿ ನಿಂತು ನೋಡಿದ್ದೆ, ಅಷ್ಟೇ. ಈ ಸಲ ಕೇರಿಯವರು ಕೋರ್ಟಿಗೆ ಹೋಗಿದ್ದರು. ದಾರಿಗೆ ಪೊಲೀಸ್ ಬಂದೋಬಸ್ತ್ ಹಾಕಬೇಕು, ಗೌಡರ ಕಡೆಯವರು ಯಾರನ್ನೂ ತಡೆಯಕೂಡದು ಎಂದು ಆರ್ಡರ್ ಆಗಿತ್ತು. ಅದು ಕೈಗೆ ಮುಟ್ಟದಿದ್ದರೆ ‘ನಮಗೆ ಗೊತ್ತೇ ಇರಲಿಲ್ಲ’ ಎನ್ನಬಹುದಲ್ಲ? ಮತದಾನದ ಹಿಂದಿನ ದಿನ ಮನೆಯ ಗಂಡಸರೆಲ್ಲ ಹೊಲ ಸೇರಿದರು.

ಮಧ್ಯಾಹ್ನ ಅಮೀನರು ಬಂದರು. ಅತ್ತೆ ಬಾಗಿಲಲ್ಲೇ ತಡೆದರು. “ಗಂಡಸರಿಲ್ಲ. ಹೆಂಗಸರ ಸಹಿ ನಿಮ್ಮ ಕೋರ್ಟಿನ್ಯಾಗ ನಡೀತದೇನು?”

“ಮೊದಲ ನಡೀತಿದ್ದಿಲ್ರೆವ್ವಾ. ಈಗ ಕಾಯ್ದೆ ಬದಲಾಗ್ಯದ. ವಯಸ್ಸಿಗೆ ಬಂದೋರು ಯಾರು ತಗೊಂಡ್ರೂ ನಡೀತದ.”

ಅಷ್ಟು ಹೇಳಿ ಬಿಸಿಲಲ್ಲೇ ಕಟ್ಟೆಯ ಮೇಲೆ ಕೂತರು. ನನ್ನ ಕಡೆ ನೋಡಲೂ ಇಲ್ಲ. ನಾನು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ.

“ಕಾಲಾಗ ಇರಿವಿ ಹೊಕ್ಕಾವೇನ ಬೇ? ಒಂದ ಕಡೆ ಕೂಡು,” ಎಂದರು ಅತ್ತೆ.

ಕೂರಲಿಲ್ಲ. ಹೊರಗೆ ಹೋಗಿ ಕೈ ಚಾಚಿದೆ. ಆರ್ಡರ್ ಇಂಗ್ಲಿಷಿನಲ್ಲಿತ್ತು. ‘ಶಾಲ್ ನಾಟ್ ಅಬ್‌ಸ್ಟ್ರಕ್ಟ್’, ಅಂದರೆ ತಡೆಯಕೂಡದು, ಎಂಬಲ್ಲಿ ಕಣ್ಣು ನಿಂತಿತು. ಪೆನ್ನು ಕೇಳಿದೆ.

ಅಮೀನರು ತಕ್ಷಣ ಕೊಡಲಿಲ್ಲ. “ವಿಚಾರ ಮಾಡ್ರಿ ತಾಯಿ. ನಾ ಸೈಕಲ್ ಹತ್ತಿ ಹೋಗ್ತೇನಿ. ನೀವು ಇದೇ ಮನ್ಯಾಗ ಇರಬೇಕು.”

ಕಾನ್ವೆಂಟಿನ ಸಿಸ್ಟರು ಬೆರಳ ಗೆಣ್ಣಿಗೆ ಹೊಡೆದು ತಿದ್ದಿಸಿದ ಕರ್ಸಿವ್ ಅಕ್ಷರದಲ್ಲಿ ಪೂರ್ತಿ ಹೆಸರು ಬರೆದೆ. ಕೊನೆಯ ಅಕ್ಷರ ಗೆರೆ ದಾಟಿತು. ನೀರು ತಂದೆ. “ಇವತ್ತಂತೂ ಬ್ಯಾಡ್ರಿ,” ಎಂದು ಹೊರಟರು.

ಮರುದಿನ ಪೊಲೀಸರು ನಮ್ಮ ಮೂಲೆಯಲ್ಲಿ ನಿಂತಿದ್ದರು. ಕೇರಿಯ ಹೆಂಗಸರು ನಮ್ಮ ಮನೆ ಮುಂದೆಯೇ ನಡೆದುಹೋದರು. ನಮ್ಮ ಆಳುಗಳು ಕಟ್ಟೆ ಬಿಟ್ಟು ಇಳಿಯಲಿಲ್ಲ. ಮಾವನವರು ಸೋತರು. “ಇದಕ್ಕೇನು ನಿಮ್ಮಪ್ಪ ನಿನಗ ಇಂಗ್ಲಿಷ್ ಸಾಲಿ ಕಲಿಸಿದ್ದು?” ಎಂದು ಒಂದೇ ಮಾತು ಕೇಳಿದರು. ಮುಂದೆ ಅವರಿರುವತನಕ ನಾನು ಬಡಿಸಿದ ತಾಟು ಮುಟ್ಟಲಿಲ್ಲ.

ಮಾವನವರು ತೀರಿಕೊಂಡ ಮೇಲೆ, ಒಂದು ಬೇಸಿಗೆಯಲ್ಲಿ ಮತ್ತೆ ಟಕ್, ಟಕ್. ಕ್ಯಾರಿಯರಿನಲ್ಲಿ ಕಾಗದವಿರಲಿಲ್ಲ.

“ರಿಟೈರ್ ಆದೆನ್ರಿ ತಾಯಿ. ನೀರು ಕೊಡ್ರಿ.”

ತಂಬಿಗೆ ಎತ್ತಿ ಗಟಗಟ ಕುಡಿದರು. “ಅವತ್ತಿಂದ ಭಾಳ ತ್ರಾಸಾತೇನ್ರಿ?”

“ನಾಟ್ ಅಟ್ ಆಲ್,” ಎಂದೆ, ಸುಳ್ಳು. ಅವರಿಗೆ ಆ ಇಂಗ್ಲಿಷ್ ತಿಳಿಯಲಿಲ್ಲ, ಮುಖ ನೋಡಿ ತಿಳಿಯಿತು. ಇನ್ನೊಂದು ತಂಬಿಗೆ ಕೇಳಿ, ನಿಧಾನವಾಗಿ, ಒಂದು ಹನಿಯೂ ಉಳಿಯದಂತೆ ಕುಡಿದು ಹೊರಟರು. ಶಾಲೆಯ ತಿರುವಿನಲ್ಲಿ ಸದ್ದು ನಿಲ್ಲುವವರೆಗೆ ನಾನು ಬಾಗಿಲಲ್ಲೇ ನಿಂತಿದ್ದೆ. ಆಮೇಲೆ ಅವರನ್ನು ನೋಡಲಿಲ್ಲ.